ಗೇಟಿನ ಮುಂದಿನ ಅರ್ಧ ಬಿಂದಿಗೆ

ಷೇರುಪೇಟೆಯಲ್ಲಿ ಹೆಸರಿರುವ ಕಂಪನಿಯೊಂದರ ವಾರ್ಷಿಕ ವರದಿಯ ಬಗ್ಗೆ ಕಥೆ ಹೇಳಹೊರಟಿರುವುದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಅಂಥ ವರದಿಯನ್ನು ಬರೆಯುವವರೇ ಪೂರ್ತಿ ಓದುವುದಿಲ್ಲ. ಅದರ ಒಂದು ಸಾಲಿನ ಸುತ್ತ ಇಷ್ಟುದ್ದ ಮಾತಾಡುವುದು ಅಧಿಕಪ್ರಸಂಗ ಅನ್ನಿಸಿದರೆ ಅದೂ ಸರಿಯೇ. ಕಾಯಿದೆಯ ವಿವರದಲ್ಲಿ ತಪ್ಪು ಕಂಡರೆ ಬಲ್ಲವರು ತಿದ್ದಿಕೊಳ್ಳಲಿ. ಆದರೆ ಶಾಂತರಾಜುವಿಗೆ ಎದುರಾದ ಆ ಒಂದು ಸೊನ್ನೆಯ ಸಂಗತಿಯನ್ನು ಹೇಳದೆ ಇಟ್ಟುಕೊಳ್ಳುವುದೂ ಕಷ್ಟವಾಗಿದೆ.

ಶಾಂತರಾಜು ಕೌದಳ್ಳಿಯವನು. ಕೊಳ್ಳೇಗಾಲದಲ್ಲಿ ಹಗಲು ನೂಲಿನ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವನು. ಮಾಂಬಳ್ಳಿಯ ಆಚೆ, ಯಳಂದೂರು ರಸ್ತೆಯಿಂದ ಸ್ವಲ್ಪ ಒಳಗೆ ಇರುವ ರೇಷ್ಮೆ ಕಾರ್ಖಾನೆಯಲ್ಲಿ ಅವನಿಗೆ ಆಫೀಸಿನ ಕೆಲಸ ಸಿಕ್ಕಿತ್ತು. ಅಲ್ಲಿ ನೂಲನ್ನು ಬೇಯಿಸಿ ಅಂಟು ತೆಗೆದು ಬಣ್ಣ ಹಾಕುತ್ತಾರೆ. ಹೆಡ್ ಆಫೀಸು ಬೆಂಗಳೂರಿನಲ್ಲಿ, ಷೇರು ಕೊಂಡವರು ದೇಶದ ತುಂಬ. ಸುತ್ತಲಿನವರಿಗೆ ಮಾತ್ರ ಅದು ಬರೀ ‘ಬಣ್ಣದ ಫ್ಯಾಕ್ಟರಿ’. ಶಾಂತರಾಜುವಿನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ವರ್ಷ ಆಗುತ್ತದೆ ಎಂದು ಮ್ಯಾನೇಜರ್ ಉದಯಕುಮಾರ್ ಬಾಯಿಮಾತಿನಲ್ಲಿ ಹೇಳಿದ್ದರು. ಬಾಯಿಮಾತನ್ನು ನಂಬುವ ಧೈರ್ಯ ಶಾಂತರಾಜುವಿಗೆ ಇರಲಿಲ್ಲ, ನಂಬದೆ ಇರುವ ಧೈರ್ಯವೂ ಇರಲಿಲ್ಲ.

ಏಪ್ರಿಲ್ ಬಂದ ಕೂಡಲೇ ಅವನ ಮೇಜಿಗೆ ಹೊಸ ಕೆಲಸವೊಂದು ಬಂತು. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳು ಈಗ ಲಾಭ ನಷ್ಟ ಹೇಳಿದರೆ ಸಾಲದು. ಎಷ್ಟು ನೀರು ಬಳಸಿದಿರಿ, ಎಷ್ಟು ಹೊಗೆ ಬಿಟ್ಟಿರಿ, ಕೆಲಸದವರನ್ನು ಹೇಗೆ ನೋಡಿಕೊಂಡಿರಿ, ಸುತ್ತಲಿನ ಜನ ಏನಂದರು ಎಂದೂ ಪ್ರತಿ ವರ್ಷ ಹೇಳಬೇಕು. ಸುಸ್ಥಿರತೆಯ ವರದಿ ಎಂದು ಅದರ ಹೆಸರು. ಬರೆದದ್ದು ನಿಜವೇ ಎಂದು ನೋಡಲು ಹೊರಗಿನಿಂದ ಪರಿಶೀಲಕರೂ ಬರುತ್ತಾರೆ. ನೀರು, ಹೊಗೆ, ಕರೆಂಟು ಇವಕ್ಕೆಲ್ಲ ಮೀಟರುಗಳಿದ್ದವು. ಅದನ್ನು ಎಂಜಿನಿಯರುಗಳು ನೋಡಿಕೊಂಡರು. ಮೀಟರಿಲ್ಲದ ಸಾಲುಗಳು ಶಾಂತರಾಜುವಿನ ಪಾಲಿಗೆ ಬಂದವು. ಅವುಗಳಲ್ಲಿ ಒಂದು: ಸುತ್ತಲಿನ ಸಮುದಾಯದಿಂದ ವರ್ಷದಲ್ಲಿ ಬಂದ ದೂರುಗಳೆಷ್ಟು, ವರ್ಷದ ಕೊನೆಗೆ ಬಗೆಹರಿಯದೆ ಉಳಿದವೆಷ್ಟು?

ಹಿಂದಿನ ವರ್ಷಗಳಲ್ಲೆಲ್ಲ ಸೊನ್ನೆ, ಸೊನ್ನೆ ಎಂದೇ ಬರೆದಿತ್ತು. ಅದರ ಪಕ್ಕದಲ್ಲಿ, ದೂರು ಕೊಡಲು ವ್ಯವಸ್ಥೆ ಇದೆಯೇ ಎಂಬಲ್ಲಿ, ಇದೆ ಎಂದಿತ್ತು.

“ಸೊನ್ನೆ ಬರೆದು ಕಳಿಸಿ” ಅಂದರು ಉದಯಕುಮಾರ್. ದಾವಣಗೆರೆಯ ಕಡೆಯವರು, ದೊಡ್ಡ ದನಿ, ದೊಡ್ಡ ನಗು. “ನಮ್ಮ ಯೂನಿಟ್‌ಗೆ ಒಳ್ಳೆ ಹೆಸರಿರೋದೇ ಆ ಸೊನ್ನೆಯಿಂದ. ಹೆಡ್ ಆಫೀಸಿನೋರು ಮೀಟಿಂಗ್‌ನಲ್ಲೆಲ್ಲ ನಮ್ಮನ್ನೇ ತೋರಿಸ್ತಾರೆ.”

ಬರೆಯಬಹುದಿತ್ತು. ಆದರೆ ವ್ಯವಸ್ಥೆ ಇದೆ ಎಂದರೆ ಎಲ್ಲಿದೆ ಎಂದು ಪರಿಶೀಲಕರು ಕೇಳಿದರೆ? ಶಾಂತರಾಜು ಗೇಟಿಗೆ ಹೋದ. ಅಲ್ಲಿ ವಾಚ್‌ಮನ್ ಮುತ್ತಯ್ಯನ ಕೋಣೆಯ ಗೋಡೆಗೆ ತಗಡಿನ ಡಬ್ಬವೊಂದು ನೇತಾಡುತ್ತಿತ್ತು. ಮುತ್ತಯ್ಯ ಹನೂರಿನವನು, ಮೂರು ಬೇರೆ ಕಂಪನಿಗಳ ಗೇಟು ಕಾಯ್ದು ಬಂದವನು. ಡಬ್ಬದ ಮೇಲೆ ಅವನ ಎಲೆಅಡಿಕೆ ಚೀಲ ಕೂತಿತ್ತು.

“ಇದರ ಬೀಗದ ಕೈ ಎಲ್ಲಿ ಮುತ್ತಯ್ಯ?”

“ಬೀಗದ ಕೈಯ್ಯಾ? ನಾ ಬರಕ್ ಮುಂಚೆನೇ ಇರ್ನಿಲ್ಲ ಸಾ. ಅದ್ನ ಯಾರು ತಗುದ್ರು ಅಂತ?”

“ದೂರಿನ ಡಬ್ಬ ಅಲ್ವಾ ಇದು?”

“ಊ, ಅಂಗೇ ಬರ್ದದೆ. ಮಳೆ ಬಂದು ನೆಲ ನೆಂದ್ರೂ ಎಲೆಅಡಿಕೆ ನೆನಿದೆ ಇರ್ತದೆ, ಅದ್ಕೆ ನಂಗೇನೂ ದೂರಿಲ್ಲ.”

ಇಬ್ಬರೂ ಸೇರಿ ಸುತ್ತಿಗೆಯಿಂದ ಬೀಗ ಒಡೆದರು. ಒಳಗೆ ಕಣಜದ ಒಣಗೂಡು, ಜೊತೆಗೆ ಅರಿಶಿನ ಹಚ್ಚಿದ ಒಂದು ಮದುವೆ ಕಾಗದ. ‘ಮ್ಯಾನೇಜರ್ ಸಾಹೇಬರಿಗೆ’ ಎಂದು ಮೇಲೆ ಬರೆದಿತ್ತು. ಆ ಮದುವೆಯಾಗಿ ಮಗುವೂ ಆಗಿದೆ ಎಂದು ಮುತ್ತಯ್ಯ ಹೇಳಿದ.

“ನೋಡಿ, ದೂರೇ ಇಲ್ಲ. ಎಲ್ಲ ಸಂತೋಸವಾಗವ್ರೆ” ಅಂದ.

ಸೊನ್ನೆ ಸರಿಯೇ ಆಯಿತಲ್ಲ ಎಂದು ಶಾಂತರಾಜುವಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾರೂ ತೆರೆಯದ ಡಬ್ಬದಲ್ಲಿ ದೂರಿರಲಿಲ್ಲ ಎನ್ನುವುದಕ್ಕೂ, ದೂರೇ ಇರಲಿಲ್ಲ ಎನ್ನುವುದಕ್ಕೂ ನಡುವೆ ಏನೋ ಇದೆ ಅನ್ನಿಸಿತು. ಅದನ್ನು ಸರಿಯಾಗಿ ಹೇಳಲು ಅವನಿಗೆ ಬರಲಿಲ್ಲ. ಮನೆಯಲ್ಲಿ ಹೆಂಡತಿ ಪುಷ್ಪಳಿಗೆ ಹೇಳಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡಳು.

“ಸೊನ್ನೆ ಬರಿಯಾಕೂ ಇಷ್ಟು ಯೋಚ್ನೆ ಮಾಡೋರ್ನ ನಾನು ಕಂಡಿಲ್ಲ. ಓಗಿ ಕೇಳ್ಬಿಡಿ ಅತ್ಲಾಗೆ.”

“ಯಾರ್ನ?”

“ಯಾರ್ನ ಅಂದ್ರೆ? ಪಕ್ಕದೂರೋರ್ನ. ದೂರು ಇದ್ರೆ ಅವ್ರ ತವ ತಾನೇ ಇರ್ತದೆ, ನಿಮ್ಮ ಡಬ್ಬದಲ್ಲಿ ಇರ್ತದಾ?”

ಪಕ್ಕದೂರು ಎಂದರೆ ಕಟ್ಟೆಹುಂಡಿ. ಕಾರ್ಖಾನೆಯ ಹಿಂದಿನ ಕಾಂಪೌಂಡಿಗೆ ಅಂಟಿಕೊಂಡಂತಿರುವ ಸಣ್ಣ ಊರು. ಸುತ್ತ ಮಾಂಬಳ್ಳಿಯ ಕಡೆಯೆಲ್ಲ ಕಾಲುವೆಯ ನೀರು, ಗದ್ದೆ. ಇದು ಮಾತ್ರ ದಿಣ್ಣೆಯ ಮೇಲಿರುವುದರಿಂದ ಕಾಲುವೆ ಹತ್ತುವುದಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಶಾಂತರಾಜು ಅಲ್ಲಿಗೆ ನಡೆದುಹೋದ. ಬೇವಿನ ಮರದ ಕೆಳಗೆ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಡುವೆ ಕೂತಿದ್ದವಳು ಪುಟ್ಟಬಸಮ್ಮ, ತಲೆ ಪೂರ್ತಿ ಬೆಳ್ಳಗಾದ, ದನಿ ಇನ್ನೂ ಗಟ್ಟಿಯಿದ್ದ ಹೆಂಗಸು. ಊರಲ್ಲಿ ಹೆಂಗಸರ ಮಾತು ಅವಳಿಂದ ಶುರುವಾಗಿ ಅವಳಲ್ಲೇ ಮುಗಿಯುತ್ತದೆ ಎಂದು ಆಮೇಲೆ ಗೊತ್ತಾಯಿತು.

“ಫ್ಯಾಕ್ಟ್ರಿಯಿಂದ ಬಂದಿದೀನಿ ಕಣಮ್ಮ. ನಮ್ಮ ಮೇಲೆ ನಿಮ್ಮೂರೋರ್ದು ಏನಾದ್ರೂ ದೂರು ಅದಾ ಅಂತ ಕೇಳಕ್ಕೆ.”

“ದೂರಾ?” ಪುಟ್ಟಬಸಮ್ಮ ನಕ್ಕಳು. “ಏನೂ ಇಲ್ಲ ಕಣಪ್ಪ. ಕೂತ್ಕ, ಬಿಸ್ಲಲ್ಲಿ ಬಂದಿದ್ದೀಯೆ. ಏ, ಒಂದು ಲೋಟ ಮಜ್ಗೆ ತತ್ತಾ.”

ಶಾಂತರಾಜುವಿನ ಎದೆ ಹಗುರಾಯಿತು. ಮಜ್ಜಿಗೆ ಕುಡಿದ. ಏಳುವ ಮುಂಚೆ, ಕೇಳಿದ್ದನ್ನೇ ಇನ್ನೊಮ್ಮೆ ಕೇಳುವ ಅವನ ಹಳೆಯ ಚಾಳಿ ಬಿಡಲಿಲ್ಲ. “ನಿಜವಾಗ್ಲೂ ಏನೂ ಇಲ್ವಲ್ಲಮ್ಮ?”

“ಅಯ್, ನಿಮ್ ಸಾಯೇಬ್ರು ಒಪ್ಕಂಡ್ ಮ್ಯಾಲೆ ಇನ್ನೇನ್ಲಾ ದೂರು?”

“ಒಪ್ಕಂಡ್ರಾ? ಏನ್ನ?”

ಹೆಂಗಸರು ಕುಟ್ಟುವುದನ್ನು ನಿಲ್ಲಿಸಿದರು. ಪುಟ್ಟಬಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಆಯುಧಪೂಜೆ ದಿವ್ಸ ನಾವು ಬಿಂದ್ಗೆ ತಕಂಡ್ ಬಂದು ನಿಮ್ ಗೇಟ್ ತವ ಮಡಗ್ನಿಲ್ವಾ? ನೀನಿರ್ನಿಲ್ವಾ?”

ಇದ್ದ. ಅವನೇ ಅಲ್ಲ, ಇಡೀ ಕಾರ್ಖಾನೆ ಇತ್ತು. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯಲು ಸಿದ್ಧವಾಗಿದ್ದ ಹೊತ್ತಿಗೆ ಗೇಟಿನ ಮುಂದೆ ಹೆಂಗಸರ ಸಾಲು ಬಂದಿತ್ತು. ಮುಂದಿದ್ದವಳ ಸೊಂಟದಲ್ಲಿ ಥಳಥಳ ಹೊಳೆಯುವ ಹಿತ್ತಾಳೆ ಬಿಂದಿಗೆ, ಅದರ ಬಾಯಿಗೆ ವೀಳ್ಯದೆಲೆ. ಒಂದು ಮಾತೂ ಆಡದೆ ಗೇಟಿನ ಎದುರು ಇಟ್ಟು ನಿಂತರು. ಉದಯಕುಮಾರ್ ಹಿಗ್ಗಿಹೋದರು. ಪೂರ್ಣಕುಂಭ! ಚಪ್ಪಲಿ ಬಿಟ್ಟು ಬಂದು ಬಿಂದಿಗೆಗೆ ಕೈ ಮುಗಿದರು, ಅರಿಶಿನ ಕುಂಕುಮ ಹಚ್ಚಿಸಿದರು, ಫೋಟೋ ತೆಗೆಸಿದರು. ಒಳಗೆ ಅರ್ಧವೇ ನೀರಿತ್ತು. ದಾರಿಯಲ್ಲಿ ತುಳುಕಿರಬೇಕು ಎಂದುಕೊಂಡರು. ನೀರನ್ನು ಯಂತ್ರಗಳಿಗೆಲ್ಲ ಪ್ರೋಕ್ಷಣೆ ಮಾಡಿಸಿ, ಖಾಲಿ ಬಿಂದಿಗೆಯ ತುಂಬ ಕಡ್ಲೆಪುರಿ, ಮೈಸೂರುಪಾಕು, ಒಂದು ತೆಂಗಿನಕಾಯಿ ಇಟ್ಟು ಹಿಂದಿರುಗಿಸಿದರು. ಆ ಫೋಟೋ ಈಗ ಆಫೀಸಿನ ಗೋಡೆಯ ಮೇಲಿತ್ತು. ವರದಿಯಲ್ಲಿ ಪೂರ್ತಿ ಒಂದು ಪುಟಕ್ಕೆ ಹಾಕಲು ಹೆಡ್ ಆಫೀಸು ಆರಿಸಿಯೂ ಆಗಿತ್ತು: ‘ನೆರೆಹಳ್ಳಿಯ ಮಹಿಳೆಯರಿಂದ ಪೂರ್ಣಕುಂಭ ಸ್ವಾಗತ’.

“ಅದು ಪೂಜೆಗೆ ತಂದದ್ದು ಅಲ್ವಾ?” ಶಾಂತರಾಜು ಕೇಳಿದ.

ಬೇವಿನ ಮರದ ಕಾಗೆಗಳು ಎದ್ದುಹೋಗುವಂತೆ ಹೆಂಗಸರೆಲ್ಲ ನಕ್ಕರು.

ನಗು ತಗ್ಗಿದ ಮೇಲೆ ಪುಟ್ಟಬಸಮ್ಮನೇ ಬಿಡಿಸಿ ಹೇಳಿದಳು. ಕಟ್ಟೆಹುಂಡಿಯಲ್ಲಿ ನೀರಿನ ವಿಷಯಕ್ಕೆ ಬಾಯಿ ಮಾಡುವಂತಿಲ್ಲ. ಯಾರಾದರೂ ಊರಿನ ಕಟ್ಟೆಯ, ಅಂದರೆ ಸಣ್ಣ ಕೆರೆಯ, ನೀರಿಗೆ ಅಡ್ಡ ಬಂದರೆ ಹೆಂಗಸರು ಅವರ ಬಾಗಿಲಿಗೆ ಬಿಂದಿಗೆ ಇಡುತ್ತಾರೆ. ಕಟ್ಟೆಯಲ್ಲಿ ಎಷ್ಟು ಉಳಿದಿದೆಯೋ ಬಿಂದಿಗೆಯಲ್ಲೂ ಅಷ್ಟೇ. ಮನೆಯವರು ಅದನ್ನು ಮುಟ್ಟದಿದ್ದರೆ ಜಗಳಕ್ಕೆ ತಯಾರು ಎಂದು. ಒಳಗೆ ತೆಗೆದುಕೊಂಡು, ಏನಾದರೂ ತುಂಬಿ ಹಿಂದಕ್ಕೆ ಕೊಟ್ಟರೆ, ತಪ್ಪಾಯಿತು, ಮುಂದಿನ ವರ್ಷದ ಮಳೆಯೊಳಗೆ ಸರಿ ಮಾಡುತ್ತೇವೆ ಎಂದು. ಹಾಗೆ ಕೊಟ್ಟ ಮೇಲೆ ಮಳೆ ಬರುವವರೆಗೆ ಅದರ ಮಾತೆತ್ತುವುದು ಮರ್ಯಾದೆಯಲ್ಲ.

“ಬೇರೇರು ಒಂದು ಅಚ್ಚು ಬೆಲ್ಲ ಆಕಿ ಕೊಟ್ರೆ ಎಚ್ಚು. ನಿಮ್ ಸಾಯೇಬ್ರು ಮೈಸೂರ್‌ಪಾಕು ತುಂಬುದ್ರಲ್ಲಪ್ಪ! ಅದೂ ಕೈ ಮುಗುದು, ಚಪ್ಪಲಿ ಬುಟ್ಟು! ಅಷ್ಟು ತಪ್ಪು ಒಪ್ಕಂಡೋರ್ನ ನನ್ ಜಲ್ಮದಲ್ಲಿ ನಾ ಕಂಡಿರ್ನಿಲ್ಲ. ದೊಡ್ ಮನ್ಸ ಅಂತ ಊರೆಲ್ಲಾ ಏಳ್ಕಂಡ್ ಬಂದಿವ್ನಿ.”

“ಬಿಂದಿಗೆ ಅಷ್ಟು ಬೆಳಗಿತ್ತಲ್ಲಮ್ಮ...”

“ಇನ್ನೊಬ್ರ ಬಾಗ್ಲಿಗೆ ಕೊಳ್ಕು ಬಿಂದ್ಗೆ ತಕಂಡ್ ಓಯ್ತಾರಾ?”

“ಮೇಲೆ ವೀಳ್ಯದೆಲೆ?”

“ನೊಣ ಬೀಳ್ದಂಗೆ.”

ತಪ್ಪು ಏನೆಂದು ಮಾತ್ರ ಅವಳು ಹೇಳಲಿಲ್ಲ. ಮಳೆ ಇನ್ನೂ ಬಂದಿಲ್ಲ, ಆಡುವಂತಿಲ್ಲ ಎಂದು ಎದ್ದು ಮುಂದೆ ನಡೆದಳು. ಶಾಂತರಾಜು ಹಿಂದೆ ಹೋದ. ಊರಾಚೆ ಕಲ್ಲು ಕಟ್ಟಿದ ಕಟ್ಟೆ; ದನಗಳಿಗೆ, ಬಟ್ಟೆಗೆ ಅದೇ ನೀರು. ಮೇಲಿನ ಮೆಟ್ಟಿಲುಗಳೆಲ್ಲ ಒಣಗಿ ಬಿಳಿಚಿಕೊಂಡಿದ್ದವು, ತಳದಲ್ಲಿ ಹಸಿರು ಕೆಸರು. ಒಂದು ಎಮ್ಮೆ ಅದರಲ್ಲೇ ಮೈ ಹುದುಗಿಸಲು ಹೆಣಗುತ್ತಿತ್ತು. ಕಟ್ಟೆಗೆ ಮಳೆನೀರು ತರುವ ಹಳ್ಳವನ್ನು ಪುಟ್ಟಬಸಮ್ಮ ಗಲ್ಲ ಎತ್ತಿ ತೋರಿಸಿದಳು. ಅವನು ಅದರ ಗುಂಟ ನಡೆದ. ಲಂಟಾನ ಪೊದೆಗಳ ನಡುವೆ ಬಾಗಿ ಬಳುಕಿ ಹೋದ ಹಳ್ಳ ಒಂದು ಹೊಸ ಗೋಡೆಗೆ ಬಂದು ನಿಂತುಬಿಟ್ಟಿತು. ಗೋಡೆ ಕಾರ್ಖಾನೆಯದು. ಅದರಾಚೆ ಹೋದ ವರ್ಷ ಮಣ್ಣು ತುಂಬಿ ಮಟ್ಟ ಮಾಡಿದ ಲಾರಿ ನಿಲ್ಲಿಸುವ ಜಾಗ.

ಮೀಟರುಗಳೆಲ್ಲ ಸರಿಯಾಗಿಯೇ ಇದ್ದವು. ಬಣ್ಣದ ನೀರು ಒಂದು ಹನಿಯೂ ಹೊರಗೆ ಹೋಗಿರಲಿಲ್ಲ. ಮಳೆಯ ನೀರೂ ಹೋಗಿರಲಿಲ್ಲ, ಅಷ್ಟೆ. ಅದನ್ನು ಅಳೆಯುವ ಮೀಟರು ಯಾವುದೂ ಇರಲಿಲ್ಲ.

ಸಂಜೆ ಪುಷ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಮ್ ಕಡೆ ಆಗಿದ್ರೆ ಇಷ್ಟೊತ್ಗೆ ಗೇಟೇ ಇರ್ತಿರ್ನಿಲ್ಲ. ಕೌದಳ್ಳಿಯೋರು ನೀವು ಜಗಳ ಆಡುದ್ರೆ ಮಾದಪ್ಪನ ಬೆಟ್ಟದ ಬಸ್ಸೂ ನಿಂತು ನೋಡ್ಕಂಡ್ ಓಯ್ತದೆ. ಇವ್ರು ನೋಡಿ, ಬಿಂದ್ಗೆ ಬೆಳಗ್ಕಂಡ್ ಓಗವ್ರೆ!”

“ಈಗ ನಾನೇನ್ ಬರೀಲಿ?”

ನಗು ನಿಂತಿತು. “ಕಾಯಂ ಆಗದು ಯಾವಾಗ?” ಎಂದು ಕೇಳಿದಳು.

“ಈ ವರದಿ ಮುಗಿದ ಮೇಲೆ.”

ಪುಷ್ಪ ಸೂಜಿಗೆ ದಾರ ಪೋಣಿಸಿದಳು. ಅವಳು ಏನಾದರೂ ಹೇಳಲಿ ಎಂದು ಅವನು ಕಾದ. ಅವಳು ಹೇಳಲಿಲ್ಲ. ಹೇಳಿದ್ದರೆ, ತಪ್ಪೋ ಸರಿಯೋ, ಅರ್ಧ ಭಾರ ಅವಳ ಮೇಲೆ ಹಾಕಬಹುದಿತ್ತು ಎಂದು ಅವನಿಗೇ ಹೊಳೆದು ನಾಚಿಕೆಯಾಯಿತು.

ಬೆಳಿಗ್ಗೆ ಮ್ಯಾನೇಜರ ಕೋಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಬಸ್ಸಿನಲ್ಲಿ ಮೂರು ಬಗೆಯಲ್ಲಿ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರುವಾಗ ಹಿಂದುಮುಂದಾಯಿತು. ಉದಯಕುಮಾರ್ ಮೊದಲು ನಕ್ಕರು, ಆಮೇಲೆ ಗೋಡೆಯ ಫೋಟೋ ನೋಡಿದರು. ಫೋಟೋದಲ್ಲಿ ಅವರು ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಕಿವಿ ಕೆಂಪಾಯಿತು.

“ಅಂದ್ರೆ... ನನ್ನ ಮೇಲೆ ಬಂದ ಕಂಪ್ಲೇಂಟಿಗೆ ನಾನೇ ಮಂಗಳಾರತಿ ಮಾಡ್ದೆ?”

“ಮಂಗಳಾರತಿ ಇಲ್ಲ ಸರ್. ಅರಿಶಿನ ಕುಂಕುಮ ಅಷ್ಟೆ.”

“ಮೈಸೂರುಪಾಕೂ ಕೊಟ್ಟೆ.”

“ಹೌದು ಸರ್. ಅದರಿಂದ ಸ್ವಲ್ಪ ಜಾಸ್ತಿನೇ ಒಪ್ಪಿಕೊಂಡ ಹಾಗೆ ಆಗಿದೆ.”

ಉದಯಕುಮಾರ್ ಎದ್ದು ಹಿಂದಿನ ಕಾಂಪೌಂಡಿಗೆ ಹೋಗಿ ನೋಡಿ ಬಂದರು. ಪ್ಯಾಂಟಿಗೆ ಅಂಟಿದ ಮುಳ್ಳು ಕೀಳುತ್ತಾ ಕೂತರು. “ಗೋಡೆಗೆ ತೂತು ಹೊಡೆದು, ಅಂಗಳದ ಕೆಳಗೆ ದೊಡ್ಡ ಪೈಪು ಹೂಳಿದ್ರೆ ಆಯ್ತು. ನಾಳೆಯೇ ಜೆಸಿಬಿ ಕರೆಸ್ತೀನಿ. ಸರಿ ಮಾಡಿದ ಮೇಲೆ ಕಂಪ್ಲೇಂಟ್ ಎಲ್ಲಿ ಉಳೀತು? ನೀವು ಸೊನ್ನೆ ಬರೀರಿ.”

ಇಷ್ಟು ಸುಲಭವೇ ಅನ್ನಿಸಿತು. ಕಟ್ಟೆಗೆ ನೀರು, ಮ್ಯಾನೇಜರಿಗೆ ಸೊನ್ನೆ, ಅವನಿಗೆ ಕಾಯಂ. ಆದರೆ ಸಂಜೆ ಕಾಲೇಜಿನ ಮೇಷ್ಟರು ಕಲಿಸಿದ್ದ ಒಂದೇ ಒಂದು ಪಾಠ ಅವನಿಗೆ ಅಡ್ಡ ಬಂತು: ವರ್ಷ ಮಾರ್ಚಿಗೆ ಮುಗಿಯುತ್ತದೆ.

“ಸರ್, ಬಿಂದಿಗೆ ಬಂದದ್ದು ಅಕ್ಟೋಬರ್‌ನಲ್ಲಿ. ಗೋಡೆ ಒಡೆಯೋದು ಏಪ್ರಿಲ್‌ನಲ್ಲಿ. ಹಾಗಾಗಿ... ಬಂದದ್ದು ಒಂದು, ಉಳಿದದ್ದೂ ಒಂದು. ನನಗೆ ಹಾಗೆ ಕಾಣುತ್ತೆ. ನನ್ನ ತಿಳಿವಳಿಕೆ ತಪ್ಪಿರಬಹುದು.”

ಉದಯಕುಮಾರ್ ಉಳಿದ ಮುಳ್ಳುಗಳನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದರು. “ಗೋಡೆ ಒಡೆಯೋದು ಸುಲಭ ಕಣ್ರಿ” ಅಂದರು ಕೊನೆಗೆ. “ಹೆಡ್ ಆಫೀಸಿಗೆ ಕೇಳಿ.”

ಹೆಡ್ ಆಫೀಸಿನ ಮೇಡಂ ಫೋನಿನಲ್ಲಿ ತಾಳ್ಮೆಯಿಂದಲೇ ಕೇಳಿಸಿಕೊಂಡರು. ಲಿಖಿತವಾಗಿ ಬಂದಿದೆಯೇ? ಇಲ್ಲ. ಇ-ಮೇಲ್? ಇಲ್ಲ. ಫೋನ್ ಕರೆ? ಇಲ್ಲ. ಬಿಂದಿಗೆ. ಯಾವ ಕಂಪನಿಯ ವರದಿಯಲ್ಲೂ ಬಿಂದಿಗೆಯನ್ನು ಎಣಿಸಿದ್ದನ್ನು ತಾವು ನೋಡಿಲ್ಲ ಎಂದರು. ಬೇರೆ ಯೂನಿಟ್‌ಗಳೆಲ್ಲ ಸೊನ್ನೆ ಕಳಿಸಿವೆ, ನಿಮ್ಮೊಬ್ಬರದು ಎದ್ದು ಕಾಣುತ್ತದೆ ಎಂದರು. ಪರಿಶೀಲಕರು ಬರುತ್ತಾರಲ್ಲ, ಅಷ್ಟರೊಳಗೆ ಯೋಚಿಸಿ ಎಂದು ಫೋನ್ ಇಟ್ಟರು. ಯೋಚಿಸುವುದೊಂದನ್ನು ಶಾಂತರಾಜುವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪೈಪು ಹೂತದ್ದು ಆಯಿತು. ಗೋಡೆಯ ಬುಡದಲ್ಲಿ ಕುರಿ ನುಸುಳುವಷ್ಟು ದೊಡ್ಡ ಬಾಯಿ ತೆರೆಯಿತು. ಜೆಸಿಬಿ ನೋಡಲು ಕಟ್ಟೆಹುಂಡಿಯ ಜನ ಬಂದು ಆಚೆ ಬದಿಯಲ್ಲಿ ಕೂತಿದ್ದರು. ಯಾರೂ ಒಂದು ಮಾತೂ ಆಡಲಿಲ್ಲ. ಮಳೆ ಇನ್ನೂ ಬಂದಿರಲಿಲ್ಲ.

ಪರಿಶೀಲಕರು ಬಂದ ದಿನ ಸಾಲು ಇನ್ನೂ ಖಾಲಿಯೇ ಇತ್ತು. ಶಿವಶಂಕರ ಎಂಬ ಹೆಸರಿನ ಆ ಮನುಷ್ಯ ತೆಳ್ಳಗೆ, ಮೃದುವಾಗಿ ಮಾತಾಡುವವರು. ಬೆಳಿಗ್ಗೆಯೆಲ್ಲ ಮೀಟರುಗಳನ್ನು ನೋಡಿ ಮೆಚ್ಚಿದರು. ಮಧ್ಯಾಹ್ನ ಕಾಫಿ ಲೋಟ ಹಿಡಿದು ಕೋಣೆಯಲ್ಲಿ ಅಡ್ಡಾಡುತ್ತಾ ಫೋಟೋದ ಮುಂದೆ ನಿಂತರು.

“ಚೆನ್ನಾಗಿದೆ. ವರದಿಯ ಕರಡಿನಲ್ಲೂ ನೋಡ್ದೆ. ಪೂರ್ಣಕುಂಭ ಅಲ್ವಾ?”

ಮೇಡಂ ಹೇಳಿದ್ದು, ಪುಷ್ಪಳ ಸೂಜಿ, ಕಾಯಂ ಎಂಬ ಮಾತು, ಕೆಸರಿನಲ್ಲಿ ಹೆಣಗುತ್ತಿದ್ದ ಎಮ್ಮೆ, ಎಲ್ಲ ಒಟ್ಟಿಗೆ ಬಂದವು. ಸುಮ್ಮನಿದ್ದರೆ ಸಾಕಿತ್ತು. ಹೌದು ಎನ್ನುವ ಕೆಲಸವೂ ಇರಲಿಲ್ಲ.

“ಅದು ದೂರು ಸರ್” ಅಂದ ಶಾಂತರಾಜು.

ಶಿವಶಂಕರ ನಗೆಚಾಟಿಕೆ ಎಂದುಕೊಂಡು ನಕ್ಕರು. ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದರು. ಶಾಂತರಾಜು ಫೋಟೋದಲ್ಲಿನ ಬಿಂದಿಗೆಯ ಮೇಲೆ ಬೆರಳಿಟ್ಟ. ಆಗ ಮೇಜಿನಾಚೆಯಿಂದ ಉದಯಕುಮಾರರ ದೊಡ್ಡ ದನಿ, ಯಾಕೋ ಸ್ವಲ್ಪ ಸಣ್ಣದಾಗಿ, ಕೇಳಿಸಿತು.

“ಹೌದು ಸರ್. ದೂರೇ. ನಾನು ಅದಕ್ಕೆ ಕೈ ಮುಗಿದುಬಿಟ್ಟೆ.”

ಆಮೇಲೆ ಇಬ್ಬರೂ ಸೇರಿ, ಒಬ್ಬರ ಬಾಯಿಂದ ಒಬ್ಬರು ಮಾತು ಕಿತ್ತುಕೊಂಡು, ಎಲ್ಲ ಹೇಳಿದರು. ಶಿವಶಂಕರ ಕಾಫಿ ಮರೆತರು. ಕಟ್ಟೆ ನೋಡಬೇಕೆಂದು ಎದ್ದರು. ಪುಟ್ಟಬಸಮ್ಮನನ್ನು ಕಂಡು, ಏನು ದೂರು ಅಮ್ಮ ಎಂದರು. ಅವಳು ಆಕಾಶ ನೋಡಿ, “ಮಳೆ ಬರ್ಲಿ, ಏಳ್ತೀನಿ” ಅಂದಳು. ಹಿಂದಿರುಗುವಾಗ ಶಿವಶಂಕರ ಗೋಡೆಯ ಬಾಯಿಗೆ ಬಗ್ಗಿ ನೋಡಿದರು.

“ಎಣಿಸಬೇಕು” ಅಂದರು. “ಕಾಗದದಲ್ಲೇ ಬರಬೇಕು ಅಂತ ನಿಯಮ ಎಲ್ಲೂ ಹೇಳೋದಿಲ್ಲ. ಒಂದು, ಉಳಿದದ್ದು ಒಂದು, ಪಕ್ಕದಲ್ಲಿ ಏಪ್ರಿಲ್‌ನಲ್ಲಿ ಸರಿಪಡಿಸಿದೆ ಅಂತ ಷರಾ. ಆದ್ರೆ ದೂರು ಬಂದದ್ದಕ್ಕೆ ಆಧಾರ ಏನು ಕೊಡ್ತೀರಿ?”

ಶಾಂತರಾಜು ಗಾಬರಿಯಾಗಿ ಮ್ಯಾನೇಜರ ಮುಖ ನೋಡಿದ. ಉದಯಕುಮಾರ್ ಆ ಮಧ್ಯಾಹ್ನ ಮೊದಲ ಬಾರಿಗೆ ತಮ್ಮ ಪೂರ್ತಿ ನಗು ನಕ್ಕರು.

“ಫೋಟೋ ಇದೆಯಲ್ಲ ಸರ್.”

ಹಾಗೆ ಆ ಪುಟ ಉಳಿಯಿತು. ಬರೀ ಅಡಿಬರಹ ಬದಲಾಯಿತು: ‘ಆಯುಧಪೂಜೆಯಂದು ಕಟ್ಟೆಹುಂಡಿಯ ಮಹಿಳೆಯರು ಸಲ್ಲಿಸಿದ ದೂರು’. ಮೇಲೆ, ಕಣ್ಣು ಮುಚ್ಚಿ ಕೈ ಮುಗಿದ ಮ್ಯಾನೇಜರು. ಹೆಡ್ ಆಫೀಸಿನ ಮೇಡಂ ಎರಡು ಸಲ ಫೋನು ಮಾಡಿ, ಇದು ಹೀಗೆಯೇ ಹೋಗಬೇಕೇ ಎಂದು ಕೇಳಿದರು. ಹೋಗಲಿ ಎಂದು ಉದಯಕುಮಾರರೇ ಹೇಳಿದರು. ಗೇಟಿನ ತಗಡಿನ ಡಬ್ಬಕ್ಕೆ ಹೊಸ ಬೀಗ ಬಂತು. ಅದರ ಕೆಳಗೆ ಒಂದು ಕಲ್ಲುಚಪ್ಪಡಿಯನ್ನೂ ಹಾಕಿಸಿದರು, ಬಿಂದಿಗೆ ಇಡಲು. ಮುತ್ತಯ್ಯ ಸದ್ಯಕ್ಕೆ ಅದರ ಮೇಲೆ ಕೂತುಕೊಳ್ಳುತ್ತಾನೆ.

ಮೇ ತಿಂಗಳಲ್ಲಿ ಒಂದು ಸಂಜೆ ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಕವಿದು, ಗುಡುಗಿ, ಸುರಿಯಿತು. ಮಾರನೆಯ ಬೆಳಿಗ್ಗೆ ಶಾಂತರಾಜು ಬಸ್ಸಿಳಿದವನು ಆಫೀಸಿಗೆ ಹೋಗದೆ ನೇರ ಹಿಂದಿನ ಗೋಡೆಗೆ ಹೋದ. ಕೆಂಪು ನೀರು ಪೈಪಿನಿಂದ ಗಳಗಳ ಇಳಿದು ಹಳ್ಳ ಹಿಡಿದು ಓಡುತ್ತಿತ್ತು. ಅವನು ಸುಮ್ಮನೆ ನಿಂತು ಅದನ್ನು ನೋಡಿದ. ಶೂ ನೆನೆದದ್ದು ಆಮೇಲೆ ಗೊತ್ತಾಯಿತು.

ಕೆಲವು ದಿನ ಕಳೆದು ಮುತ್ತಯ್ಯ ಓಡುತ್ತಾ ಬಂದ. “ಸಾ! ಬಿಂದ್ಗೆ ಬಂದದೆ ಸಾ!”

ಆಫೀಸಿಗೆ ಆಫೀಸೇ ಎದ್ದಿತು. ಗೇಟಿನಲ್ಲಿ ಅದೇ ಹೆಂಗಸರು, ಅದೇ ಹಿತ್ತಾಳೆ ಬಿಂದಿಗೆ, ಬಾಯಿಗೆ ಅದೇ ಎಲೆ. ಈ ಸಲ ಅಂಚಿನವರೆಗೆ ತುಂಬಿತ್ತು. ಉದಯಕುಮಾರ್ ಅವಸರದಲ್ಲಿ ಚಪ್ಪಲಿ ಬಿಟ್ಟರು, ಕೈ ಅರ್ಧಕ್ಕೆ ಎತ್ತಿದರು, ನಿಂತರು. ಶಾಂತರಾಜುವಿನ ಕಡೆ ವಾಲಿ ಪಿಸುಗುಟ್ಟಿದರು: “ಕೈ ಮುಗಿಯೋದೋ ಬೇಡ್ವೋ?”

“ಗೊತ್ತಿಲ್ಲ ಸರ್.”

ಪುಟ್ಟಬಸಮ್ಮ ಇಬ್ಬರನ್ನೂ ಒಂದಷ್ಟು ಹೊತ್ತು ಹಾಗೆಯೇ ಒದ್ದಾಡಲು ಬಿಟ್ಟಳು. ಆಮೇಲೆ ಸೆರಗಿನಿಂದ ಲೋಟ ತೆಗೆದಳು.

“ಮಜ್ಗೆ ಕಣ್ರಪ್ಪ, ಬಿಂದ್ಗೆಗೆ ಕಲಾಯಿ ಆಕ್ಸಿವ್ನಿ. ಕಟ್ಟೆ ತುಂಬ್ಕಂಡದೆ, ಎಮ್ಮೆ ಕುಡುದು ಆಲು ಕರೀತಾವೆ. ನೀವೂ ಕುಡೀರಿ. ಈಗ ಮಳೆ ಬಂತಲ್ಲ, ಮಾತಾಡ್ಬೌದು. ಆ ಗೋಡೆ ಕಟ್ದೋನು ಯಾವನು?”

ಎಲ್ಲರೂ ಕುಡಿದರು. ಮುತ್ತಯ್ಯ ಎರಡು ಸಲ ಕುಡಿದ. ಗೋಡೆ ಕಟ್ಟಿದವನಿಗೆ ಸೇರಬೇಕಾದ ಬೈಗುಳವನ್ನೆಲ್ಲ ಉದಯಕುಮಾರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಬಿಂದಿಗೆಯನ್ನು ಈ ಸಲ ಖಾಲಿಯೇ ಹಿಂದಿರುಗಿಸಬೇಕೆಂದು ಪುಟ್ಟಬಸಮ್ಮ ಕಟ್ಟುನಿಟ್ಟಾಗಿ ಹೇಳಿದಳು.

ಶಾಂತರಾಜುವಿನ ಕೆಲಸ ಕಾಯಂ ಆಯಿತು, ಹೇಳಿದ್ದಕ್ಕಿಂತ ತಡವಾಗಿ. ಆ ತಡಕ್ಕೆ ಬಿಂದಿಗೆ ಕಾರಣವೋ, ಆಫೀಸುಗಳಲ್ಲಿ ಸಾಮಾನ್ಯವಾಗಿ ಆಗುವ ತಡವೋ, ಅವನಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ವರದಿ ಅಚ್ಚಾಗಿ ಬಂತು. ಅಷ್ಟು ಪುಟಗಳಲ್ಲಿ ಆ ಒಂದು ಸಾಲನ್ನು ಷೇರು ಕೊಂಡವರಲ್ಲಿ ಒಬ್ಬರಾದರೂ ಓದಿದರೇ, ಓದಿ ಏನಂದುಕೊಂಡರು ಎಂಬುದು ತಿಳಿದಿಲ್ಲ. ಆ ಕಂಪನಿಯ ಬೇರೆ ಯೂನಿಟ್‌ಗಳು ಆ ವರ್ಷವೂ ಸೊನ್ನೆಯನ್ನೇ ಬರೆದಿದ್ದವು. ಅವು ನಿಜವಾದ ಸೊನ್ನೆಗಳೇ ಇರಬಹುದು. ಅಲ್ಲಿನ ಗೇಟುಗಳ ಮುಂದೆ ಯಾರು ಏನು ತಂದಿಟ್ಟು ಹೋಗುತ್ತಾರೆ ಎಂಬುದು ಶಾಂತರಾಜುವಿಗೆ ಗೊತ್ತಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.